ಬೇರು ಮೊದಲು, ಬಿಸಿಲು ಆಮೇಲೆ

ಪ್ರಶ್ನೆ: ಬೆಂಗಳೂರಿನ ನಮ್ಮ ಮನೆಯೊಳಗೆ ಎಲ್‌ಇಡಿ ದೀಪದಡಿ ಹೈಡ್ರೋಪೋನಿಕ್ಸ್ (ಮಣ್ಣಿಲ್ಲದೆ ಪೋಷಕಾಂಶ ಬೆರೆಸಿದ ನೀರಿನಲ್ಲಿ ಬೆಳೆಸುವ) ಪದ್ಧತಿಯಲ್ಲಿ ನಾಲ್ಕು ಟೊಮೆಟೊ ಗಿಡ ಬೆಳೆಸಿದ್ದೇನೆ. ಒಂದಡಿ ಎತ್ತರ ಬಂದಿವೆ. ಜಾಗ ಸಾಲದೆ ಒಂದನ್ನು ಮಣ್ಣಿನ ಕುಂಡಕ್ಕೆ ಬದಲಾಯಿಸಿ ಅದೇ ದಿನ ತಾರಸಿಯಲ್ಲಿಟ್ಟೆ. ಸಂಜೆಗೆ ಜೋತುಬಿತ್ತು. ಎರಡು ದಿನದಲ್ಲಿ ಎಲೆಗಳ ಮೇಲೆ ಬಿಳಿ ಮಚ್ಚೆ. ಇದು ರೋಗವೇ? ಉಳಿದವನ್ನು ಹೇಗೆ ಹೊರತರಲಿ?

ಉತ್ತರ: ರೋಗವಲ್ಲ, ಬಿಸಿಲಿನ ಹೊಡೆತ. ನಡುಹಗಲಿನ ಬಿಸಿಲು ಮನೆಯ ದೀಪಕ್ಕಿಂತ ಹಲವು ಪಟ್ಟು ಪ್ರಖರ. ಎಲ್‌ಇಡಿ ದೀಪದಲ್ಲಿ ನೇರಳಾತೀತ ಕಿರಣ ಇಲ್ಲವೆನ್ನುವಷ್ಟು ಕಡಿಮೆ; ಅದರಡಿ ಬೆಳೆದ ಎಲೆ ತೆಳು, ಮೇಲಿನ ಮೇಣದ ಪದರವೂ ತೆಳು. ಕಾಗದದಂತೆ ಬೆಳ್ಳಗಾದ ಜಾಗ ಮತ್ತೆ ಹಸಿರಾಗದು. ಹಾಗೆಂದು ಗಿಡವನ್ನು ಎಸೆಯಬೇಡಿ. ತುದಿಯ ಕುಡಿ ಹಸಿರಾಗಿದ್ದರೆ ನೆರಳಿಗೆ ತನ್ನಿ. ಅರ್ಧ ಹಸಿರು ಉಳಿದ ಎಲೆಯನ್ನೂ ಕೀಳಬೇಡಿ, ಸದ್ಯಕ್ಕೆ ಗಿಡಕ್ಕೆ ಊಟ ಸಿಗುವುದು ಅದರಿಂದಲೇ.

ತೊಂದರೆಯಾದದ್ದು ಎರಡು ಬದಲಾವಣೆಗಳನ್ನು ಒಂದೇ ದಿನ ಮಾಡಿದ್ದರಿಂದ. ನೀರಿನಲ್ಲಿ ಬೆಳೆದ ಬೇರನ್ನು ಎತ್ತಿ ನೋಡಿ: ಬೆಳ್ಳಗೆ, ಉದ್ದಕ್ಕೆ, ಒಂದಕ್ಕೊಂದು ಅಂಟಿಕೊಂಡು ಜೋತಾಡುತ್ತದೆ. ಮಣ್ಣಿನ ಕಣಗಳ ನಡುವಿನಿಂದ ನೀರು ಹೀರಲು ಬೇಕಾದ ನವಿರು ಬೇರುಗೂದಲು ಅದರಲ್ಲಿ ಕಡಿಮೆ. ಮೇಲೆ ಬಿಸಿಲು, ಗಾಳಿ ಎಲೆಯಿಂದ ನೀರನ್ನು ಸೆಳೆಯುತ್ತಿದ್ದರೆ ಕೆಳಗಿನಿಂದ ಪೂರೈಕೆ ಇಲ್ಲ. ಆದ್ದರಿಂದ ಉಳಿದ ಮೂರು ಗಿಡಗಳನ್ನು ಮೊದಲು ಮನೆಯೊಳಗೇ, ಅದೇ ದೀಪದಡಿ ಕುಂಡಕ್ಕೆ ಬದಲಾಯಿಸಿ.

ಕೆಂಪು ಮಣ್ಣಿಗೆ ತೊಳೆದ ತೆಂಗಿನ ನಾರಿನ ಪುಡಿ, ಎರೆಗೊಬ್ಬರ ಬೆರೆಸಿ ಸಡಿಲವಾಗಿರಲಿ. ನೀರಿನಲ್ಲಿ ಗಿಡವನ್ನು ಹಿಡಿದಿಟ್ಟಿದ್ದ, ಬೇರು ಹೆಣೆದುಕೊಂಡ ಜಾಲರಿ ಬುಟ್ಟಿಯನ್ನು ಎಳೆದು ತೆಗೆಯಬೇಡಿ, ಕತ್ತರಿಯಿಂದ ಸೀಳಿ. ಬೇರಿಗಾದ ಗಾಯದ ಮೂಲಕ ಮಣ್ಣಿನ ಸೊರಗು ರೋಗದ ಬ್ಯಾಕ್ಟೀರಿಯಾ ಸುಲಭವಾಗಿ ಒಳಹೊಗುತ್ತದೆ. ಟೊಮೆಟೊದಲ್ಲಿ ಒಂದು ದೊಡ್ಡ ಅನುಕೂಲವಿದೆ. ಕೆಳಗಿನ ಎಲೆಗಳನ್ನು ಚಿವುಟಿ ಕಾಂಡದ ಮೂರು ನಾಲ್ಕು ಇಂಚು ಹೂತರೆ ಅಲ್ಲಿಂದಲೇ ಹೊಸ ಬೇರು ಒಡೆಯುತ್ತದೆ. ಅವು ಹುಟ್ಟಿದಾಗಿನಿಂದಲೇ ಮಣ್ಣಿಗೆ ಒಗ್ಗಿದ ಬೇರುಗಳು. ಮೊದಲ ವಾರ ಮಣ್ಣು ಹಸಿಯಾಗಿಯೇ ಇರಲಿ, ಆದರೆ ಕುಂಡದ ತಳದಲ್ಲಿ ನೀರು ನಿಲ್ಲಬಾರದು. ಪೋಷಕ ದ್ರಾವಣವನ್ನು ಅರ್ಧ ಪ್ರಮಾಣಕ್ಕೆ ಇಳಿಸಿ. ಹಸಿ ಸಗಣಿ ಬೇಡವೇ ಬೇಡ.

ತುದಿಯಲ್ಲಿ ಹೊಸ ಎಲೆ ಬಿಚ್ಚಿಕೊಂಡರೆ ಬೇರು ಹಿಡಿದಿದೆ ಎಂದರ್ಥ. ಆಗ ಹೊರಗೆ ತನ್ನಿ. ಮೊದಲೆರಡು ದಿನ ಪೂರ್ತಿ ನೆರಳು, ಗಾಳಿ ಮಾತ್ರ. ಗಾಳಿಗೆ ಅಲುಗಾಡಿದಷ್ಟೂ ಕಾಂಡ ದಪ್ಪವಾಗಿ ಗಟ್ಟಿಯಾಗುತ್ತದೆ. ಆಮೇಲೆ ಬೆಳಗಿನ ಎಳೆಬಿಸಿಲು ಒಂದು ಗಂಟೆ, ದಿನದಿನಕ್ಕೂ ಸ್ವಲ್ಪ ಹೆಚ್ಚು. ಹತ್ತು ದಿನವಾದರೂ ಬೇಕು. ಮಾರ್ಚ್–ಏಪ್ರಿಲ್‌ನಲ್ಲಿ ಇನ್ನೂ ಹೆಚ್ಚು, ಜತೆಗೆ ಶೇ 50ರಷ್ಟು ಬಿಸಿಲು ತಡೆಯುವ ನೆರಳು ಪರದೆ. ಜೂನ್‌ನ ಮೋಡದ ದಿನಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ. ಕಾಂಕ್ರೀಟ್ ಕಾದರೆ ಬೇರೂ ಬೇಯುತ್ತದೆ, ಕುಂಡದಡಿ ಇಟ್ಟಿಗೆ ಇಡಿ.

ಮನೆಯೊಳಗೆ ಕಾಣದ ಬಿಳಿನೊಣ ತಾರಸಿಯಲ್ಲಿ ಕಾದಿರುತ್ತದೆ. ಎಲೆ ಮುದುಡು ನಂಜುರೋಗವನ್ನು ಹರಡುವುದು ಅದೇ, ಮತ್ತು ಆ ರೋಗಕ್ಕೆ ಮದ್ದಿಲ್ಲ. ಹಳದಿ ಅಂಟು ಹಾಳೆಯನ್ನು ಮೊದಲ ದಿನವೇ ತೂಗುಹಾಕಿ. ಎಲೆಯ ಅಡಿಭಾಗವನ್ನು ವಾರಕ್ಕೆರಡು ಬಾರಿ ತಿರುಗಿಸಿ ನೋಡಿ. ಮುಂದಿನ ಸಲಕ್ಕೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ಬೀಜ ತನ್ನಿ. ಎಲೆ ಮುದುಡು, ಸೊರಗು, ಮುಂಚಿನ ಅಂಗಮಾರಿ (ಎಲೆಯಲ್ಲಿ ಕಂದು ಮಚ್ಚೆ ಮೂಡಿಸುವ ಶಿಲೀಂಧ್ರ ರೋಗ) ಮೂರಕ್ಕೂ ನಿರೋಧಕ ಶಕ್ತಿ ಇರುವ ತಳಿ ಅದು.