ಪ್ರತಿಕ್ರಿಯೆ: ಹುಡುಗರು ವೋಟಿಗೆ ಯಾಕೆ ಬರ್ತಾರೆ?

ಸೋಮವಾರಪೇಟೆ ಕಡೆಯ ನಿಮ್ಮ ಊರಲ್ಲಿ ಹೊಸ ಮತದಾರರು ವೋಟಿಗೆ ಆಸಕ್ತಿ ತೋರಿಸುತ್ತಿಲ್ಲ, ಏನು ಮಾಡಿದರೆ ಬರುತ್ತಾರೆ ಅಂತ ಕೇಳಿದ್ದೀರಿ. 'ಇದು ನಿಮ್ಮ ಕರ್ತವ್ಯ' ಅನ್ನುವ ಮಾತಿಗೆ ಆ ವಯಸ್ಸಿನವರು ಅಷ್ಟಾಗಿ ಕಿವಿಗೊಡಲ್ಲ. ತಮ್ಮ ವೋಟಿನಿಂದ ಏನಾದರೂ ಬದಲಾಗುತ್ತೆ ಅನ್ನಿಸಬೇಕು. ಅದಕ್ಕೆ ನಮ್ಮ ಕೊಡಗು ಜಿಲ್ಲೆಯ ಲೆಕ್ಕವನ್ನೇ ತೋರಿಸಿ. 2023ರ ವಿಧಾನಸಭಾ ಚುನಾವಣೆಯಲ್ಲಿ ಮಡಿಕೇರಿ, ವಿರಾಜಪೇಟೆ ಎರಡೂ ಕಡೆ ಗೆಲುವಿನ ಅಂತರ ಐದು ಸಾವಿರವನ್ನೂ ದಾಟಲಿಲ್ಲ. ಕೆಲವು ಊರಿನ ಹುಡುಗರು ಸೇರಿದರೆ ಫಲಿತಾಂಶವೇ ಬೇರೆ ಆಗಬಹುದು, ಅಲ್ವಾ?

ಆಮೇಲೆ, ಪಕ್ಷದ ಮಾತು ಬಿಟ್ಟು ಅವರ ಕಷ್ಟದಿಂದ ಶುರು ಮಾಡಿ. ತೋಟಕ್ಕೆ ನುಗ್ಗುವ ಆನೆ, ಸಿಗದ ನೆಟ್‌ವರ್ಕ್, ಮಳೆಗಾಲದ ಭೂಕುಸಿತದ ಭಯ. 2018ರ ಭೂಕುಸಿತ ಅವರಿಗೆ ಚೆನ್ನಾಗಿ ನೆನಪಿದೆ. ಇದನ್ನು ಅಭ್ಯರ್ಥಿಗೆ ಅವರೇ ಕೇಳುವ ಹಾಗೆ ಒಂದು ಸಭೆ ಮಾಡಿ. ಗೆಳೆಯರ ಗುಂಪು ಒಟ್ಟಿಗೆ ಹೊರಟರೆ ಒಬ್ಬೊಬ್ಬರೇ ಹಿಂದೆ ಉಳಿಯೋದೂ ಕಡಿಮೆ.

ನನಗೆ ಜಾಸ್ತಿ ಚಿಂತೆ ಇರೋದು ಬೆಂಗಳೂರು, ಮೈಸೂರಿನಲ್ಲಿ ಓದುವವರ ಬಗ್ಗೆ. ಅವರಿಗೆ ಮನಸ್ಸಿದೆ, ಆದರೆ ಪಟ್ಟಿಯಲ್ಲಿ ಹೆಸರೇ ಇರಲ್ಲ. 17 ತುಂಬಿದ ಮೇಲೆ ಮುಂಚಿತವಾಗಿಯೇ ನಮೂನೆ 6, ಅಂದರೆ ಮತದಾರರ ಪಟ್ಟಿಗೆ ಹೊಸದಾಗಿ ಹೆಸರು ಸೇರಿಸುವ ಅರ್ಜಿ, ಕೊಡಬಹುದು. ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1, ಹೀಗೆ ವರ್ಷಕ್ಕೆ ನಾಲ್ಕು ಅರ್ಹತಾ ದಿನಗಳಿವೆ (ಆ ದಿನಕ್ಕೆ 18 ತುಂಬಿರಬೇಕು). ಮೊಬೈಲಿನಲ್ಲೇ ಅರ್ಜಿ ಹಾಕಬಹುದು. ದ್ವಿತೀಯ ಪಿಯುಸಿ ಮುಗಿಸಿ ಊರು ಬಿಡುವ ಮುಂಚೆಯೇ ಇದನ್ನು ಮಾಡಿಸಿಬಿಡಿ.