ರೂಮಿ ಧರ್ಮವನ್ನು ಬಿಟ್ಟವನೇ?

ಹದಿಮೂರನೆಯ ಶತಮಾನದ ಪಾರಸಿ ಸೂಫಿ ಕವಿ ರೂಮಿ ಧರ್ಮದ ಹಂಗು ತೊರೆದ ಪ್ರೇಮಕವಿಯಲ್ಲವೇ, ಪ್ರವಾದಿ ಮೂಸಾ (ಮೋಸೆಸ್) ಮತ್ತು ಕುರುಬನ ಕಥೆಯೇ ಅದಕ್ಕೆ ಸಾಕ್ಷಿಯಲ್ಲವೇ ಎಂದು ಕೇಳಿದ್ದೀರಿ. ಖಂಡಿತ ಅಲ್ಲ. ಆತ ಇಂದಿನ ಟರ್ಕಿಯ ಕೊನ್ಯಾದಲ್ಲಿ ಇಸ್ಲಾಮಿನ ಧರ್ಮಶಾಸ್ತ್ರ ಕಲಿಸುತ್ತಿದ್ದ ವಿದ್ವಾಂಸ. 1244ರಲ್ಲಾದ ಅಲೆಮಾರಿ ಸೂಫಿ ಶಮ್ಸ್ ತಬ್ರೀಜಿಯ ಭೇಟಿ ಅವನ ಬದುಕನ್ನು ಅಲುಗಾಡಿಸಿತು, ನಂಬಿಕೆಯನ್ನು ಕಿತ್ತುಹಾಕಲಿಲ್ಲ. ತನ್ನ ದೀರ್ಘಕಾವ್ಯ 'ಮಸ್ನವಿ'ಯನ್ನು ಅವನೇ ಅದರ ಅರಬ್ಬಿ ಮುನ್ನುಡಿಯಲ್ಲಿ ಧರ್ಮದ ಬೇರಿನ ಬೇರಿನ ಬೇರು ಎಂದು ಕರೆದಿದ್ದಾನೆ.

'ಮಸ್ನವಿ'ಯ ಎರಡನೆಯ ಸಂಪುಟದಲ್ಲಿರುವ ಆ ಕುರುಬನ ಕಥೆಯನ್ನು ದಯವಿಟ್ಟು ಪೂರ್ತಿ ಓದಿ. ದೇವರ ತಲೆ ಬಾಚುತ್ತೇನೆ, ಚಪ್ಪಲಿ ಹೊಲಿಯುತ್ತೇನೆ ಎನ್ನುವ ಕುರುಬನನ್ನು ಮೂಸಾ ಗದರಿಸುತ್ತಾನೆ. ದೇವರು ಮೂಸಾನನ್ನೇ ಆಕ್ಷೇಪಿಸುತ್ತಾನೆ. (ನಮಗೆ ಬೇಡರ ಕಣ್ಣಪ್ಪ ನೆನಪಾಗುವುದು ಸಹಜ.) ಬಹಳ ಮಂದಿ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಆದರೆ ರೂಮಿ ಮುಂದುವರಿದು ಓದುಗನತ್ತ ತಿರುಗುತ್ತಾನೆ: ನೀನು ಮಾಡುವ ಸ್ತುತಿಯೂ ದೇವರ ಮುಂದೆ ಆ ಕುರುಬನ ಮಾತಿನಷ್ಟೇ ಅಸಮರ್ಪಕ. ದೇವರಿಗೆ ಸಮಾನವಾದುದು ಯಾವುದೂ ಇಲ್ಲ ಎಂಬ ಕುರಾನಿನ ಮಾತನ್ನು ಬಿಟ್ಟು ಈ ಸಾಲುಗಳನ್ನು ಹೇಗೆ ಅರ್ಥಮಾಡಿಕೊಳ್ಳುವುದು?

ರೂಮಿಯನ್ನು ಇಂಗ್ಲಿಷಿನಲ್ಲಿ ಜನಪ್ರಿಯಗೊಳಿಸಿದ ಅಮೆರಿಕದ ಕವಿ ಕೋಲ್ಮನ್ ಬಾರ್ಕ್ಸ್ ಅವರಿಗೆ ಪಾರಸಿ ಬಾರದು. ನಿಕಲ್ಸನ್ ಮೊದಲಾದ ವಿದ್ವಾಂಸರ ಇಂಗ್ಲಿಷ್ ಅನುವಾದಗಳನ್ನೇ ಆಧರಿಸಿ ಬರೆದರು. ರೂಮಿಯನ್ನು ಅಷ್ಟೊಂದು ಮನೆಗಳಿಗೆ ತಲುಪಿಸಿದ್ದಕ್ಕೆ ನನಗೆ ಅವರ ಮೇಲೆ ಗೌರವವಿದೆ. ಆದರೆ ಅಲ್ಲಿ ಪ್ರವಾದಿಗಳೂ ಕುರಾನೂ ತೆಳುವಾಗಿಬಿಟ್ಟಿರುವುದು ದೊಡ್ಡ ನಷ್ಟ. ಜಾವಿದ್ ಮೊಜದ್ದೆದಿ ಅವರ 'ಮಸ್ನವಿ' ಅನುವಾದ ಮೂಲ ಪಾರಸಿಯಿಂದಲೇ ಬಂದದ್ದು, ಪ್ರಾಸಬದ್ಧವಾಗಿಯೂ ಇದೆ. ಅದರ ಮೊದಲ ಸಂಪುಟದಿಂದ ಆರಂಭಿಸಿ, ಟಿಪ್ಪಣಿಗಳನ್ನು ಬಿಡಬೇಡಿ.