ಸೋಫಾ ಕೆಳಗೆ ಅಡಗಿಸಿಡುವಂಥ ತೆಳು ಸಬ್‌ವೂಫರ್ ಮನೆಯಲ್ಲೇ ಮಾಡಬಹುದಾ?

ನೀವು ಕೇಳಿದ್ದು ಇಷ್ಟು: ಸೋಫಾ ಕೆಳಗೆ ನೆಲದಿಂದ 20 ಸೆಂ.ಮೀ. ಜಾಗ ಇದೆ. ಹಾಲ್‌ನ ಮೂಲೆಯಲ್ಲಿ ದೊಡ್ಡ ಕಪ್ಪು ಡಬ್ಬ ಇಡುವುದು ಮನೆಯವರಿಗೆ ಇಷ್ಟವಿಲ್ಲ. ಆ 20 ಸೆಂ.ಮೀ. ಒಳಗೆ ಕೂರುವ ಸಬ್‌ವೂಫರ್ (ಬೇಸ್, ಅಂದರೆ ಕೆಳಗಿನ ಸ್ವರಗಳನ್ನು ನುಡಿಸುವ ಸ್ಪೀಕರ್) ಕೈಯಾರೆ ಮಾಡಬಹುದಾ, ಪೋರ್ಟ್ (ಡಬ್ಬದಲ್ಲಿ ಗಾಳಿ ಓಡಾಡುವ ತೂತು) ಬೇಕಾ, ಆಂಪ್ಲಿಫೈಯರ್ ಎಷ್ಟು ವ್ಯಾಟ್‌ನದು ಬೇಕು?

ಖಂಡಿತ ಮಾಡಬಹುದು. ನಮ್ಮ ಹಾಲ್‌ನಲ್ಲೂ ಅಂಥದ್ದೇ ಒಂದಿದೆ, ದಿನಾ ಕೇಳುತ್ತೇವೆ. ಪೋರ್ಟ್ ಬೇಡ. ವ್ಯಾಟ್ ನೀವು ಅಂದುಕೊಂಡಿದ್ದಕ್ಕಿಂತ ಕಡಿಮೆ ಸಾಕು. ಇವೆರಡಕ್ಕೂ ಕಾರಣ ಗೊತ್ತಾದರೆ ಉಳಿದ ಅಳತೆಗಳನ್ನು ನೀವೇ ಹಾಕಿಕೊಳ್ಳಬಹುದು. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಪೋರ್ಟ್ ವಿಚಾರ. ಬೇಸ್ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ತೂತು ಇರುವ ಡಬ್ಬ. ಅಂಗಡಿಯಲ್ಲಿ ಸಿಗುವ ಹೋಮ್ ಥಿಯೇಟರ್‌ಗಳಲ್ಲಿ ಹೆಚ್ಚಿನವು ಹಾಗೇ ಇರುತ್ತವೆ ಅಲ್ವಾ. ಆದರೆ ತೆಳು ಡಬ್ಬದಲ್ಲಿ ಲೆಕ್ಕ ಕೂಡಿ ಬರುವುದಿಲ್ಲ. ನಿಮ್ಮ ಜಾಗದಲ್ಲಿ ಮಾಡಬಹುದಾದ ಡಬ್ಬದ ಒಳಗೆ ಸುಮಾರು 26 ಲೀಟರ್ ಗಾಳಿ ಇರುತ್ತದೆ (ಆ ಅಂಕಿ ಹೇಗೆ ಬಂತು ಅಂತ ಮುಂದೆ ಹೇಳುತ್ತೇನೆ). ಅದನ್ನು 30 ಹರ್ಟ್ಸ್‌ಗೆ ಟ್ಯೂನ್ ಮಾಡಲು 10 ಸೆಂ.ಮೀ. ಒಳವ್ಯಾಸದ ಪೈಪ್ ಹಾಕಿದರೆ, ಅದರ ಉದ್ದ 90 ಸೆಂ.ಮೀ. ದಾಟುತ್ತದೆ. ಆ ಪೈಪ್ ತಾನೇ 7 ಲೀಟರ್ ಜಾಗ ತಿನ್ನುತ್ತದೆ. ಒಳಗಿನ ಗಾಳಿ ಅಷ್ಟು ಕಡಿಮೆಯಾದರೆ ಪೈಪ್ ಇನ್ನೂ ಉದ್ದ ಬೇಕು. ಸಣ್ಣ ಪೈಪ್ ಹಾಕಿದರೆ ಉದ್ದವೇನೋ ಇಳಿಯುತ್ತದೆ, ಆದರೆ ಗಾಳಿ ಜೋರಾಗಿ ನುಗ್ಗಿ ಬುಸ್ ಬುಸ್ ಅನ್ನುತ್ತದೆ. ಸೋಫಾ ಮೇಲೆ ಕೂತವರಿಗೆ ಆ ಸದ್ದು ಚೆನ್ನಾಗಿಯೇ ಕೇಳಿಸುತ್ತದೆ.

ಇನ್ನೊಂದು ಕಾರಣ ನಮ್ಮ ಮನೆಗಳ ಗೋಡೆ. ಇಂಟರ್ನೆಟ್‌ನಲ್ಲಿ ಸಿಗುವ ಡಿಸೈನ್‌ಗಳಲ್ಲಿ ಬಹಳಷ್ಟು ಅಮೆರಿಕದವು. ಅಲ್ಲಿ ಮರದ ಚೌಕಟ್ಟಿಗೆ ಜಿಪ್ಸಮ್ ಬೋರ್ಡ್ ಹೊಡೆದ ಗೋಡೆ ಜಾಸ್ತಿ. ಅಂಥ ಗೋಡೆ ತಾನೇ ಸ್ವಲ್ಪ ನಡುಗಿ ಬೇಸನ್ನು ಹೀರಿಕೊಳ್ಳುತ್ತದೆ, ಹೊರಗೂ ಬಿಡುತ್ತದೆ. ನಮ್ಮಲ್ಲಿ ಇಟ್ಟಿಗೆ ಗೋಡೆ, ಆರ್‌ಸಿಸಿ ಚಾವಣಿ, ನೆಲಕ್ಕೆ ಗ್ರಾನೈಟ್ ಅಥವಾ ವಿಟ್ರಿಫೈಡ್ ಟೈಲ್ಸ್. ಕೆಳಗಿನ ಸ್ವರಗಳು ಕೋಣೆಯೊಳಗೇ ಉಳಿದು ಇನ್ನಷ್ಟು ಗಟ್ಟಿಯಾಗುತ್ತವೆ. ಮುಚ್ಚಿದ ಡಬ್ಬದ ಸದ್ದು ತನ್ನ ಮಿತಿಯ ಕೆಳಗೆ ಪ್ರತಿ ಆಕ್ಟೇವ್‌ಗೆ (ಅಂದರೆ ಹರ್ಟ್ಸ್ ಅರ್ಧಕ್ಕಿಳಿದಾಗಲೆಲ್ಲ) 12 ಡೆಸಿಬೆಲ್ ಇಳಿಯುತ್ತದೆ, ಪೋರ್ಟ್ ಇರುವ ಡಬ್ಬದ್ದು 24 ಡೆಸಿಬೆಲ್. ನಿಧಾನವಾಗಿ ಇಳಿಯುವ ಮುಚ್ಚಿದ ಡಬ್ಬಕ್ಕೆ ನಮ್ಮ ಕೋಣೆ ಕೊಡುವ ಬಲ ಸರಿಯಾಗಿ ಹೊಂದುತ್ತದೆ. ಪೋರ್ಟ್ ಡಬ್ಬ ಅದೇ ಕೋಣೆಯಲ್ಲಿ ಸುಮ್ನೆ ಗುಂಯ್ ಅನ್ನುವ ಸಾಧ್ಯತೆ ಜಾಸ್ತಿ.

ಮುಚ್ಚಿದ ಡಬ್ಬ ಅಂದರೆ ಕಳಪೆ ಅಂದುಕೊಳ್ಳಬೇಡಿ. ಎಡ್ಗರ್ ವಿಲ್ಚರ್ ಅನ್ನುವವರು 1954ರಲ್ಲಿ ಎಆರ್-1 ಸ್ಪೀಕರ್ ತಂದಾಗ ಅದರಲ್ಲಿದ್ದ ಹೊಸತನವೇ ಇದು. ಡಬ್ಬದೊಳಗೆ ಸಿಕ್ಕಿಬಿದ್ದ ಗಾಳಿಯನ್ನೇ ಕೋನ್‌ಗೆ (ಸ್ಪೀಕರ್‌ನಲ್ಲಿ ಅಲುಗಾಡಿ ಸದ್ದು ಮಾಡುವ ಭಾಗಕ್ಕೆ) ಸ್ಪ್ರಿಂಗ್ ಮಾಡಿದರು. ಕಪಾಟಿನಲ್ಲಿ ಇಡುವ ಗಾತ್ರದ ಸ್ಪೀಕರ್‌ನಿಂದ ನಿಜವಾದ ಬೇಸ್ ಬಂದದ್ದು ಜನರಿಗೆ ಅಚ್ಚರಿ ತಂದಿತ್ತು.

ಈಗ ಅಳತೆ. 20 ಸೆಂ.ಮೀ. ಜಾಗವಿದೆ ಅಂತ 20 ಸೆಂ.ಮೀ. ಎತ್ತರದ ಡಬ್ಬ ಮಾಡಬೇಡಿ. ಸೋಫಾ ಮೇಲೆ ಮೂರು ಜನ ಕೂತಾಗ ಕೆಳಗಿನ ಪಟ್ಟಿ, ಬಟ್ಟೆ ಎಷ್ಟು ಜಗ್ಗುತ್ತದೆ ಅಂತ ಮೊದಲು ಅಳೆಯಿರಿ. ಖಾಲಿ ಸೋಫಾದ ಅಳತೆ ನಂಬಬೇಡಿ. ಮೇಲೆ 2 ಸೆಂ.ಮೀ. ಬಿಡುವು ಬಿಟ್ಟರೆ ನಿಮಗೆ ಉಳಿಯುವುದು 18. ಡ್ರೈವರ್ (ಕೋನ್, ಮ್ಯಾಗ್ನೆಟ್ ಇರುವ ಬಿಡಿ ಸ್ಪೀಕರ್) ನೆಲಕ್ಕೆ ಮುಖ ಮಾಡಿ ಕೂರುತ್ತದೆ, ಆದ್ದರಿಂದ ಕೆಳಗೂ ಗಾಳಿ ಓಡಾಡಲು ಜಾಗ ಬೇಕು. ಎಷ್ಟು ಅನ್ನುವುದಕ್ಕೆ ಸುಲಭ ಲೆಕ್ಕ ಇದೆ: ಕೋನ್‌ನ ವ್ಯಾಸದ ಕಾಲು ಭಾಗ. ಅಷ್ಟು ಎತ್ತರ ಕೊಟ್ಟರೆ ಸುತ್ತಲಿನ ಸಂದಿಯ ಒಟ್ಟು ವಿಸ್ತೀರ್ಣ ಕೋನ್‌ನ ವಿಸ್ತೀರ್ಣಕ್ಕೆ ಸಮ ಆಗುತ್ತದೆ, ಗಾಳಿ ಇಕ್ಕಟ್ಟಿಗೆ ಸಿಕ್ಕುವುದಿಲ್ಲ. 10 ಇಂಚಿನ ಡ್ರೈವರ್‌ನಲ್ಲಿ ನಿಜವಾಗಿ ಅಲುಗಾಡುವ ಕೋನ್ ಸುಮಾರು 20 ಸೆಂ.ಮೀ. ಇರುತ್ತದೆ. ಅಂದರೆ ಕಾಲುಗಳ ಎತ್ತರ 5 ಸೆಂ.ಮೀ., ಡಬ್ಬದ ಎತ್ತರ 13.

ಹೊರ ಅಳತೆ 70 × 50 × 13 ಸೆಂ.ಮೀ. ಇಟ್ಟುಕೊಳ್ಳಿ. 18 ಮಿ.ಮೀ. ಹಲಗೆ ಬಳಸಿದರೆ ಒಳಗೆ 66.4 × 46.4 × 9.4, ಅಂದರೆ 29 ಲೀಟರ್. ಡ್ರೈವರ್‌ನ ಹಿಂಭಾಗ ಮತ್ತು ಒಳಗಿನ ಆಧಾರದ ಪಟ್ಟಿಗಳಿಗೆ 3 ಲೀಟರ್ ಕಳೆಯಿರಿ. ಮೊದಲು ಹೇಳಿದ 26 ಬಂತಲ್ಲ.

ಡ್ರೈವರ್‌ಗೆ ಕಾರ್ ಆಡಿಯೋ ಅಂಗಡಿಗೆ ಹೋಗಿ. ಕಾರಿನ ಸೀಟಿನ ಕೆಳಗೆ, ಹಿಂದೆ ಕೂರಿಸಲೆಂದೇ ಮಾಡಿದ ಶಾಲೋ ಮೌಂಟ್ ಡ್ರೈವರ್‌ಗಳು ನಿಮಗೆ ಬೇಕಾದ್ದು. ಬೆಂಗಳೂರಿನಲ್ಲಿದ್ದರೆ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ. ಬಿಡಿ ಭಾಗ, ಆಂಪ್ಲಿಫೈಯರ್ ಬೋರ್ಡ್‌ಗೆ ಎಸ್.ಪಿ. ರಸ್ತೆ. ಕೂರಿಸುವ ಆಳ 8 ಸೆಂ.ಮೀ. ಒಳಗಿರಲಿ. ಅಂಚು ಹೊರಗಿನಿಂದ ಕೂರುವುದರಿಂದ 1.8 ಸೆಂ.ಮೀ. ಹಲಗೆಯ ದಪ್ಪದಲ್ಲೇ ಹೋಗುತ್ತದೆ, ಒಳಗೆ 6.2 ಚಾಚುತ್ತದೆ. ಮ್ಯಾಗ್ನೆಟ್ ಹಿಂದೆ 3 ಸೆಂ.ಮೀ. ಬಿಡುವು ಸಿಗುತ್ತದೆ. ಕೆಲವು ಡ್ರೈವರ್‌ಗಳ ಮ್ಯಾಗ್ನೆಟ್ ಮಧ್ಯದಲ್ಲಿ ಉಸಿರಾಡುವ ತೂತು ಇರುತ್ತದೆ, ಅದಕ್ಕೆ ಈ ಬಿಡುವು ಬೇಕೇ ಬೇಕು.

ಡ್ರೈವರ್ ಬರುವ ಪ್ಯಾಕಿಂಗ್ ಮೇಲೆ 1000 ವ್ಯಾಟ್, 1500 ವ್ಯಾಟ್ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಅದನ್ನು ನೋಡಿ ಕೊಳ್ಳಬೇಡಿ. ಒಳಗಿನ ಕಾಗದದಲ್ಲಿ ಎಫ್‌ಎಸ್ (ಡ್ರೈವರ್‌ನ ಸ್ವಂತ ಅನುರಣನ, ಹರ್ಟ್ಸ್‌ನಲ್ಲಿ), ಕ್ಯೂಟಿಎಸ್ (ಆ ಅನುರಣನ ಎಷ್ಟು ಹಿಡಿತದಲ್ಲಿದೆ ಅನ್ನುವ ಅಂಕಿ), ವಿಎಎಸ್ (ಕೋನ್‌ನ ಸ್ಪ್ರಿಂಗ್‌ನಷ್ಟೇ ಬಿಗಿ ಇರುವ ಗಾಳಿ, ಲೀಟರ್‌ನಲ್ಲಿ), ಎಕ್ಸ್‌ಮ್ಯಾಕ್ಸ್ (ಕೋನ್ ಒಂದು ಕಡೆಗೆ ಸ್ವಚ್ಛವಾಗಿ ಚಲಿಸಬಲ್ಲ ಮಿ.ಮೀ.) ಅಂತ ನಾಲ್ಕು ಅಂಕಿ ಹುಡುಕಿ. ಆಸ್ಟ್ರೇಲಿಯಾದಲ್ಲಿ ಕೆಲಸ ಮಾಡಿದ ನೆವಿಲ್ ಥೀಲ್ ಮತ್ತು ರಿಚರ್ಡ್ ಸ್ಮಾಲ್ 1960, 70ರ ದಶಕಗಳಲ್ಲಿ ಈ ಲೆಕ್ಕಗಳನ್ನು ಹಾಕಿಕೊಟ್ಟರು. ಇವತ್ತು ಮನೆಯಲ್ಲಿ ಸ್ಪೀಕರ್ ಮಾಡುವ ನಾವೆಲ್ಲ ಅವರ ಋಣದಲ್ಲಿದ್ದೇವೆ. ವಿಎಎಸ್ ಅನ್ನು ಡಬ್ಬದ ಲೀಟರ್‌ನಿಂದ ಭಾಗಿಸಿ, 1 ಕೂಡಿಸಿ, ವರ್ಗಮೂಲ ತೆಗೆಯಿರಿ. ಬಂದ ಅಂಕಿಯಿಂದ ಎಫ್‌ಎಸ್ ಅನ್ನೂ ಕ್ಯೂಟಿಎಸ್ ಅನ್ನೂ ಗುಣಿಸಿ. ಡಬ್ಬದಲ್ಲಿ ಕೂತಾಗಿನ ಅನುರಣನ ಮತ್ತು ಒಟ್ಟು ಕ್ಯೂ ಸಿಗುತ್ತವೆ. ಉದಾಹರಣೆಗೆ ಎಫ್‌ಎಸ್ 32 ಹರ್ಟ್ಸ್, ಕ್ಯೂಟಿಎಸ್ 0.5, ವಿಎಎಸ್ 26 ಲೀಟರ್ ಇರುವ ಡ್ರೈವರ್ ಅಂತಿಟ್ಟುಕೊಳ್ಳಿ. 26 ಲೀಟರ್ ಡಬ್ಬದಲ್ಲಿ ವರ್ಗಮೂಲ 1.41 ಬರುತ್ತದೆ. ಡಬ್ಬದ ಒಟ್ಟು ಕ್ಯೂ 0.707, ಅನುರಣನ 45 ಹರ್ಟ್ಸ್. ಆ 0.707 ಅನ್ನುವುದು ಸಮತಟ್ಟಾದ ಬೇಸ್‌ಗೆ ಒಳ್ಳೆಯ ಗುರಿ. 0.8 ಬಂದರೂ ಪರವಾಗಿಲ್ಲ. 1 ದಾಟಿದರೆ ಬೇರೆ ಡ್ರೈವರ್ ನೋಡಿ. ಬೇಸ್ ಗಿಟಾರ್‌ನ ಅತಿ ಕೆಳಗಿನ ತಂತಿ 41 ಹರ್ಟ್ಸ್. ಹಾಗಾಗಿ 45ಕ್ಕೆ ಇಳಿಯಲು ಶುರುವಾಗಿ ಉಳಿದದ್ದನ್ನು ಕೋಣೆ ತುಂಬಿಕೊಟ್ಟರೆ ಹಾಡಿಗೂ ಸಿನಿಮಾಕ್ಕೂ ಸಾಕು.

ಕೆಳಮುಖವಾಗಿಟ್ಟರೆ ಕೋನ್ ತನ್ನ ಭಾರಕ್ಕೇ ಜೋತು ಹೋಗುವುದಿಲ್ಲವಾ ಅಂತ ಹಲವರು ಹೆದರುತ್ತಾರೆ. ಇದಕ್ಕೂ ಲೆಕ್ಕ ಇದೆ. 250 ಅನ್ನು ಎಫ್‌ಎಸ್‌ನ ವರ್ಗದಿಂದ ಭಾಗಿಸಿದರೆ ಎಷ್ಟು ಮಿ.ಮೀ. ಜೋಲುತ್ತದೆ ಅಂತ ಸಿಗುತ್ತದೆ. 32 ಹರ್ಟ್ಸ್‌ನ ಡ್ರೈವರ್ ಜೋಲುವುದು ಕಾಲು ಮಿ.ಮೀ. ಮಾತ್ರ. ಎಕ್ಸ್‌ಮ್ಯಾಕ್ಸ್ 8 ಮಿ.ಮೀ. ಇದ್ದರೆ ಇದು ಶೇ. 3. ಶೇ. 5ರ ಒಳಗಿದ್ದರೆ ಚಿಂತೆ ಬೇಡ. 18 ಹರ್ಟ್ಸ್‌ನ ಮೆತ್ತನೆಯ ದೊಡ್ಡ ಡ್ರೈವರ್ ಆದರೆ ಮುಕ್ಕಾಲು ಮಿ.ಮೀ. ಜೋಲುತ್ತದೆ, ಅದನ್ನು ಈ ಕೆಲಸಕ್ಕೆ ತರಬೇಡಿ.

ಇನ್ನು ಹಲಗೆ. ನಿಜವಾದ ಶ್ರಮ ಇಲ್ಲೇ ಹಾಕಬೇಕು. 10 ಇಂಚಿನ ಕೋನ್ 8 ಮಿ.ಮೀ. ಒಳಗೆ ಬಂದರೆ 26 ಲೀಟರ್ ಗಾಳಿಯನ್ನು ಶೇ. 1ರಷ್ಟು ಕುಗ್ಗಿಸುತ್ತದೆ. ಕೇಳಲು ಸಣ್ಣದು. ಆದರೆ 66 × 46 ಸೆಂ.ಮೀ. ಹಲಗೆಯ ಮೇಲೆ ಆ ಒತ್ತಡ ಸುಮಾರು 45 ಕೆ.ಜಿ. ಭಾರಕ್ಕೆ ಸಮ. 40 ಹರ್ಟ್ಸ್ ಸ್ವರದಲ್ಲಿ ಅದು ಸೆಕೆಂಡಿಗೆ 40 ಸಲ ನೂಕುತ್ತದೆ, 40 ಸಲ ಎಳೆಯುತ್ತದೆ. ಆಧಾರ ಇಲ್ಲದ ಅಗಲ ಹಲಗೆ ತಮಟೆಯ ಹಾಗೆ ಬಡಿದುಕೊಳ್ಳುತ್ತದೆ. ಘನಾಕಾರದ ಡಬ್ಬದಲ್ಲಿ ಇಷ್ಟು ಅಗಲದ ಹಲಗೆ ಇರುವುದಿಲ್ಲ. ತೆಳು ಡಬ್ಬಗಳು ಕೆಟ್ಟದಾಗಿ ಕೇಳಿಸುವುದಕ್ಕೆ ಮುಖ್ಯ ಕಾರಣ ಇದೇ ಅಂತ ನನ್ನ ಅನಿಸಿಕೆ. ಪರಿಹಾರ ಸುಲಭ: ಮೇಲಿನ ಮತ್ತು ಕೆಳಗಿನ ಹಲಗೆ ಎರಡಕ್ಕೂ ಅಂಟುವಂತೆ ಮಧ್ಯೆ ಪ್ಲೈವುಡ್ ಪಟ್ಟಿಗಳನ್ನು ನಿಲ್ಲಿಸಿ. ಆಧಾರಗಳ ನಡುವಿನ ದೂರ ಅರ್ಧ ಮಾಡಿದರೆ ಹಲಗೆ ಬಾಗುವುದು ಹದಿನಾರನೇ ಒಂದು ಭಾಗಕ್ಕೆ ಇಳಿಯುತ್ತದೆ. ಡ್ರೈವರ್‌ನ ಎರಡೂ ಪಕ್ಕ ಒಂದೊಂದು, ಉಳಿದ ಜಾಗದಲ್ಲಿ 15 ಸೆಂ.ಮೀ.ಗೊಂದು ಪಟ್ಟಿ ಇರಲಿ. ಗಾಳಿ ದಾಟಲು ಪ್ರತಿ ಪಟ್ಟಿಯಲ್ಲೂ ದೊಡ್ಡ ತೂತುಗಳನ್ನು ಕೊರೆಸಿ.

ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬೇಡ. ನಮ್ಮ ಮನೆಗಳಲ್ಲಿ ದಿನಾ ನೆಲ ಒರೆಸುತ್ತಾರೆ. ಒದ್ದೆ ಮಾಪ್ ತಗುಲಿದರೆ ಎಂಡಿಎಫ್ ಅಂಚು ಉಬ್ಬುತ್ತದೆ. ಐಎಸ್ 710 ಗುರುತಿನ ಮರೀನ್ ಪ್ಲೈವುಡ್ ತನ್ನಿ. ಅಂಗಡಿಯಲ್ಲೇ ಮೆಷಿನ್‌ನಲ್ಲಿ ನೇರ ಕತ್ತರಿಸಿಕೊಡಿ ಅಂತ ಕೇಳಿ, ವೃತ್ತವನ್ನು ಬಡಗಿಯ ಹತ್ತಿರ ರೌಟರ್‌ನಲ್ಲಿ ಮಾಡಿಸಿ. ಎಲ್ಲ ಕೀಲಿಗೂ ನೀರು ತಡೆಯುವ ಫೆವಿಕಾಲ್ ಧಾರಾಳವಾಗಿ ಹಚ್ಚಿ, ಸ್ಕ್ರೂ ಹಾಕಿ. ವೈರ್ ಹೊರಗೆ ಬರುವ ತೂತಿಗೆ ಎಂ-ಸೀಲ್. ಡ್ರೈವರ್ ಅಂಚಿಗೆ ಫೋಮ್ ಟೇಪ್. ಕೋನ್ ಮುಂದೆ ಕಬ್ಬಿಣದ ಜಾಲರಿ ಹಾಕಲು ಮರೆಯಬೇಡಿ. ಮಾಪ್ ಕೋಲು, ಮಕ್ಕಳ ಆಟದ ಸಾಮಾನು, ಇಲಿ, ಎಲ್ಲವೂ ಸೋಫಾ ಕೆಳಗೇ ಹೋಗುತ್ತವೆ.

ಎಲ್ಲ ಒಣಗಿದ ಮೇಲೆ ಡಬ್ಬ ಮಗುಚಿಟ್ಟು ಫೋನಿನಿಂದ 30 ಹರ್ಟ್ಸ್ ಸ್ವರವನ್ನು ಆಂಪ್ಲಿಫೈಯರ್ ಮೂಲಕ ಮೆಲ್ಲಗೆ ನುಡಿಸಿ. ಊದುಬತ್ತಿ ಹಚ್ಚಿ ಎಲ್ಲ ಕೀಲುಗಳ ಉದ್ದಕ್ಕೂ ಹಿಡಿಯಿರಿ. ಸೋರುವ ಕಡೆ ಹೊಗೆಯ ಎಳೆ ನಡುಗುತ್ತದೆ. ಅಲ್ಲಿ ಸಿಲಿಕೋನ್ ತುಂಬಿ. ಡ್ರೈವರ್ ಕೊನೆಯದಾಗಿ ಬಿಗಿಯುವ ಮೊದಲು ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹತ್ತಿಯನ್ನು ಒಳಗೆ ಸಡಿಲವಾಗಿ ಹರಡಿ. ಡಬ್ಬ ಶೇ. 10ರಿಂದ 20ರಷ್ಟು ದೊಡ್ಡದಾದಂತೆ ವರ್ತಿಸುತ್ತದೆ. ಮ್ಯಾಗ್ನೆಟ್ ಹಿಂದಿನ ತೂತಿಗೆ ಮಾತ್ರ ಹತ್ತಿ ತಾಗಬಾರದು.

ವ್ಯಾಟ್ ವಿಚಾರಕ್ಕೆ ಬರುತ್ತೇನೆ. 4 ಓಮ್ ಡ್ರೈವರ್‌ಗೆ ಟಿಪಿಎ3116 ಚಿಪ್‌ನ ಮೋನೋ ಬೋರ್ಡ್, ಅದಕ್ಕೆ ಕರೆಂಟ್ ಕೊಡಲು 24 ವೋಲ್ಟ್ 5 ಆಂಪಿಯರ್ ಎಸ್‌ಎಂಪಿಎಸ್ ಪವರ್ ಸಪ್ಲೈ. ಸ್ವಚ್ಛವಾಗಿ 60ರಿಂದ 70 ವ್ಯಾಟ್ ಬರುತ್ತದೆ. ಇಷ್ಟೇನಾ ಅನ್ನಬೇಡಿ. 8 ಮಿ.ಮೀ. ಚಲಿಸುವ 10 ಇಂಚಿನ ಒಂದು ಕೋನ್ 40 ಹರ್ಟ್ಸ್‌ನಲ್ಲಿ ಒಂದು ಮೀಟರ್ ದೂರಕ್ಕೆ ಕೊಡಬಲ್ಲದ್ದೇ ಸುಮಾರು 100 ಡೆಸಿಬೆಲ್. ಅದರಾಚೆ ವ್ಯಾಟ್ ಸುರಿದರೂ ಕೋನ್ ಹೋಗಲು ಜಾಗ ಇಲ್ಲ. ಅಷ್ಟೇ ಜೋರು ಉಳಿಸಿಕೊಂಡು ಒಂದು ಆಕ್ಟೇವ್ ಕೆಳಗಿಳಿಯಬೇಕಾದರೆ ಕೋನ್ ನಾಲ್ಕು ಪಟ್ಟು ಹೆಚ್ಚು ಚಲಿಸಬೇಕು. ಸೋಫಾ ಕೆಳಗಿನ ಲಾಭ ಗೊತ್ತಾಗುವುದು ಇಲ್ಲೇ. ನೀವು ಡ್ರೈವರ್‌ನಿಂದ ಅರ್ಧ ಮೀಟರ್ ಮೇಲೆ ಕೂತಿರುತ್ತೀರಿ. ಮೂಲೆಯಲ್ಲಿಟ್ಟ ಸಬ್‌ವೂಫರ್ 3 ಮೀಟರ್ ದಾಟಿ ನಿಮ್ಮನ್ನು ಮುಟ್ಟಲು ಕೋಣೆಯನ್ನೆಲ್ಲ ತುಂಬಬೇಕು. ಇದು ಮೆಲ್ಲಗೆ ನುಡಿದರೂ ಸಾಕು. ಪಕ್ಕದ ಮನೆಗೂ ಅಷ್ಟು ಕಡಿಮೆ ಕೇಳಿಸುತ್ತದೆ. ಅಪಾರ್ಟ್‌ಮೆಂಟ್ ಆದರೆ ಕಾಲುಗಳ ಕೆಳಗೆ ಮೆತ್ತನೆ ರಬ್ಬರ್ ಕೊಡಿ, ಕೆಳಮನೆಗೆ ಸ್ಲ್ಯಾಬ್ ಮೂಲಕ ನಡುಕ ಇಳಿಯುವುದು ತಗ್ಗುತ್ತದೆ. ಆಂಪ್ಲಿಫೈಯರ್ ಅನ್ನು ಡಬ್ಬದೊಳಗೆ ಹಾಕಬೇಡಿ. ಅಲ್ಲಿ ಗಾಳಿಯಾಡುವುದಿಲ್ಲ. ಟಿವಿ ಪಕ್ಕದಲ್ಲಿಟ್ಟು ಎರಡು ಎಳೆಯ ದಪ್ಪ ವೈರ್ ಮಾತ್ರ ಸೋಫಾವರೆಗೆ ತನ್ನಿ.

ಕೊನೆಗೆ ಹೊಂದಿಸುವ ಕೆಲಸ. ಕ್ರಾಸ್‌ಓವರ್ (ಸಬ್‌ವೂಫರ್ ನುಡಿಸುವ ಸ್ವರಗಳ ಮೇಲಿನ ಮಿತಿ) 80 ಹರ್ಟ್ಸ್ ದಾಟಿಸಬೇಡಿ. ದಾಟಿಸಿದರೆ ಗಂಡು ದನಿ ಕುರ್ಚಿಯ ಅಡಿಯಿಂದ ಬಂದಂತೆ ಕೇಳಿಸುತ್ತದೆ. ಮುಂದಿನ ಸ್ಪೀಕರ್‌ಗಳು ಮೂರೂವರೆ ಮೀಟರ್ ದೂರ ಇದ್ದು ಸಬ್‌ವೂಫರ್ ಅರ್ಧ ಮೀಟರ್‌ನಲ್ಲಿದ್ದರೆ ಅದರ ಸದ್ದು 9 ಮಿಲಿಸೆಕೆಂಡ್ ಮೊದಲೇ ತಲುಪುತ್ತದೆ. ಎವಿ ರಿಸೀವರ್ (ಹೋಮ್ ಥಿಯೇಟರ್‌ನ ಎಲ್ಲ ಸ್ಪೀಕರ್ ನಡೆಸುವ ಆಂಪ್ಲಿಫೈಯರ್) ಇದ್ದರೆ ಡಿಸ್ಟೆನ್ಸ್ ಸೆಟ್ಟಿಂಗ್‌ನಲ್ಲಿ ನಿಜವಾದ ದೂರ ಬರೆಯಿರಿ, ಅದೇ ಸರಿಮಾಡುತ್ತದೆ. ಇಲ್ಲದಿದ್ದರೆ ಸ್ಪೀಕರ್ ವೈರ್ ಅದಲು ಬದಲು ಮಾಡಿ, ಯಾವುದರಲ್ಲಿ ಬೇಸ್ ತುಂಬಿ ಬರುತ್ತದೋ ಅದನ್ನು ಇಟ್ಟುಕೊಳ್ಳಿ. 12 × 15 ಅಡಿ ಕೋಣೆ ಸುಮಾರು 38 ಮತ್ತು 47 ಹರ್ಟ್ಸ್‌ನಲ್ಲಿ ಉಬ್ಬುತ್ತದೆ. ಸೋಫಾ ಗೋಡೆಗೆ ಒತ್ತಿದ್ದರೆ ಈ ಉಬ್ಬು ಇನ್ನೂ ಜಾಸ್ತಿ. ಒಂದು ಅಡಿ ಮುಂದಕ್ಕೆ ಎಳೆದು ನೋಡಿ, ಸಾಲದಿದ್ದರೆ ಆ ಎರಡು ಜಾಗದಲ್ಲಿ ಮಾತ್ರ ಈಕ್ವಲೈಜರ್‌ನಿಂದ ಕೆಲವು ಡೆಸಿಬೆಲ್ ತಗ್ಗಿಸಿ. ತಗ್ಗುಗಳನ್ನು ಏರಿಸಲು ಹೋಗಬೇಡಿ, ಕೋನ್‌ಗೆ ಸುಮ್ನೆ ಹೊರೆ.

ಯಾವ ಡ್ರೈವರ್ ಸಿಕ್ಕಿತು, ಅದರ ನಾಲ್ಕು ಅಂಕಿ ಏನು, ನಿಮ್ಮ ಕೋಣೆಯ ಉದ್ದ ಅಗಲ ಎಷ್ಟು ಅಂತ ಕೆಳಗೆ ಬರೆಯಿರಿ. ಪ್ಲೈವುಡ್ ಕತ್ತರಿಸುವ ಮೊದಲು ಒಮ್ಮೆ ಒಟ್ಟಿಗೆ ಲೆಕ್ಕ ನೋಡೋಣ.